ಬಳೆಚೂರಿನ ಬಸವ

ಗೋಡೆಗೆ ಒಂದು ಮೊಳೆ ಹೊಡೆದದ್ದರಿಂದ ಇಷ್ಟೆಲ್ಲ ನಡೆಯಿತು.

ಮೊಳೆ ಹೊಡೆದವಳು ಗಂಗಾಂಬಿಕೆ. ಅದಕ್ಕೆ ತೂಗುಹಾಕಿದ್ದು ಒಂದು ಶುಭಾಶಯದ ಕಾರ್ಡು. ಕಳಿಸಿದವನು ಅವಳ ತಂಗಿಯ ಗಂಡ ನೀಲಕಂಠಸ್ವಾಮಿ, ಚಾಮರಾಜನಗರದ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಮೈಸೂರು ರಾಜ್ಯ ದೊಡ್ಡದಾದ ಮೇಲೆ ಬಂದ ಮೊದಲ ಜನವರಿ ಅದು. ರಾಜ್ಯದ ಜೊತೆಗೆ ತಾನೂ ಕೊಂಚ ದೊಡ್ಡವನಾದೆನೆಂದು ತಿಳಿದಿದ್ದ ನೀಲಕಂಠಸ್ವಾಮಿ ಈ ಸಲ ಇಂಗ್ಲಿಷಿನವರ ಹೊಸ ವರ್ಷಕ್ಕೂ ಶುಭ ಕೋರಿದ್ದ. ಕಾರ್ಡಿನ ಮೇಲೆ ಎರಡು ಗುಲಾಬಿ. ಎಸಳಿನ ಮೇಲೆಲ್ಲ ಮಿರಮಿರ ಮಿನುಗುವ ಪುಡಿ. ಬೆಳಿಗ್ಗೆ ಬಾಗಿಲು ತೆಗೆದರೆ ಬಿಸಿಲು ನೆಟ್ಟಗೆ ಬಂದು ಆ ಗುಲಾಬಿಯ ಮೇಲೆ ಬೀಳುತ್ತಿತ್ತು. ಅಲ್ಲಿಂದ ಚಿಮ್ಮಿ ಶಾಂತಮಲ್ಲಪ್ಪನ ಕಣ್ಣಿಗೆ ಹೊಡೆಯುತ್ತಿತ್ತು.

ಗಂಗಾಂಬಿಕೆಯ ಗಂಡನಾದ ಈ ಶಾಂತಮಲ್ಲಪ್ಪ ಗುಂಡ್ಲುಪೇಟೆಯಲ್ಲಿ ಈರುಳ್ಳಿ ವ್ಯಾಪಾರಿ. ಮೂಟೆಯನ್ನು ಕಾಲಿನಲ್ಲಿ ತಟ್ಟಿ, ಒಳಗೆ ಕೊಳೆತದ್ದು ಎಷ್ಟಿದೆ ಎಂದು ಹೇಳಬಲ್ಲ. ಕೇರಳದ ಲಾರಿಯವರ ಹತ್ತಿರ ಅವರ ಭಾಷೆಯಲ್ಲೇ ಜಗಳವಾಡಬಲ್ಲ. ಇಷ್ಟು ಬಲ್ಲವನನ್ನು ಎರಡು ಕಾಗದದ ಗುಲಾಬಿ ಕೆಣಕಬಾರದಿತ್ತು. ಆದರೆ ಕಳಿಸಿದವನು ಷಡ್ಡಕ. ಅಣ್ಣತಮ್ಮಂದಿರು ಜಗಳವಾಡಲು ಹೊಲವೋ ಮನೆಯೋ ಇರಬೇಕು. ಷಡ್ಡಕರಿಗೆ ಅಂಥದ್ದೇನೂ ಬೇಕಾಗುವುದಿಲ್ಲ.

"ನೋಡಿ, ನೀಲಕಂಠಪ್ಪನೋರು ಎಷ್ಟು ನಾಜೂಕು," ಎಂದಳು ಗಂಗಾಂಬಿಕೆ. "ನೀವೂ ಇದೀರಿ. ನಿಮ್ಮಿಂದ ಏನಾದ್ರೂ ಮನೆಗೆ ಬಂದ್ರೆ ಈರುಳ್ಳಿ ಸಿಪ್ಪೆ ಬತ್ತದೆ."

"ಅದೇನ್ ಮಹಾ ಬುಡು! ಅಂಗಡೀಲಿ ಇರೋದ ಎತ್ತಿ ಕಳ್ಸವ್ನೆ. ನಾನು ಸ್ವಂತ ಕೈಯಲ್ಲಿ ಮಾಡಿ ಕಳಿಸ್ತೀನಿ, ಸಂಕ್ರಾಂತಿಗೆ. ನೋಡ್ತಿರು."

"ಯಾರಿಗೆ?"

ಅದನ್ನು ಶಾಂತಮಲ್ಲಪ್ಪ ಯೋಚಿಸಿರಲಿಲ್ಲ. ಆದರೆ ಬಾಯಿ ಅವನಿಗಿಂತ ಮುಂದೆ ಓಡುವ ಪೈಕಿ. "ತೆರಕಣಾಂಬಿ ಬೀಗರಿಗೆ!" ಎಂದುಬಿಟ್ಟ.

ಗಂಗಾಂಬಿಕೆಯ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ತೆರಕಣಾಂಬಿಯವರು ಇನ್ನೂ ಬೀಗರಾಗಿರಲಿಲ್ಲ. ಅಲ್ಲಿಯ ಶಿವರುದ್ರಸ್ವಾಮಿಯ ಮಗ ಗುರುಮಲ್ಲಯ್ಯ, ಹಿಟ್ಟಿನ ಗಿರಣಿ ನಡೆಸುವ ಹುಡುಗ, ಬಂದು ಮಗಳು ಮಂಗಳಗೌರಿಯನ್ನು ನೋಡಿ ಒಪ್ಪಿ ಹೋಗಿದ್ದ. ಹಬ್ಬ ಕಳೆದ ಮೇಲೆ ಇವರು ಹೋಗಿ ಅವರ ಮನೆ ನೋಡಿ ವೀಳ್ಯ ಬದಲಾಯಿಸಿಕೊಂಡರೆ ಮದುವೆ ಗೊತ್ತಾದಂತೆ. ಬಂದ ಗಂಡುಗಳಿಗೆಲ್ಲ ಮೂಗು ಮುರಿಯುತ್ತಿದ್ದ ಮಂಗಳಗೌರಿ ಈ ಸಲ ಮೂಗಿನ ತಂಟೆಗೇ ಹೋಗಿರಲಿಲ್ಲ. ತೆರಕಣಾಂಬಿಗೆ ಬಸ್ಸು ಎಷ್ಟು ಹೊತ್ತಿಗೆಲ್ಲ ಇದೆ ಎಂದು ಮಾತ್ರ ಕೇಳಿದ್ದಳು. ಅಷ್ಟರಲ್ಲೇ ತಾಯಿಗೆ ಎಲ್ಲ ತಿಳಿದಿತ್ತು.

"ಸುಮ್ಕಿರಿ ಅಂದ್ರೆ," ಎಂದಳು ಗಂಗಾಂಬಿಕೆ. "ಮಾತು ಇನ್ನೂ ಹಸಿ ಗೋಡೆ ಇದ್ದಂಗದೆ. ಈಗ್ಲೇ ಒರಗಾಕೆ ಓಗ್ಬೇಡಿ."

ಒರಗಬೇಡಿ ಎಂದರೆ ಶಾಂತಮಲ್ಲಪ್ಪನಿಗೆ ಬೆನ್ನು ಕಡಿಯುತ್ತದೆ.

ಮಾರನೆಯ ದಿನವೇ ಡ್ರಾಯಿಂಗ್ ಹಾಳೆ ತಂದ. ಜಾಲಿಮರದ ಅಂಟು ತಂದು ನೆನೆಹಾಕಿದ. ಮಿನುಗುವ ಪುಡಿ ಮಾತ್ರ ಗುಂಡ್ಲುಪೇಟೆಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಬ್ಬ ಪಟಿಕ ಕೊಡಲು ಬಂದ, ಇನ್ನೊಬ್ಬ ಕಲ್ಲುಸಕ್ಕರೆ ತೋರಿಸಿದ. ಪೆಚ್ಚುಮೋರೆ ಹಾಕಿಕೊಂಡು ಬರುತ್ತಿದ್ದಾಗ ಬಸ್ ನಿಲ್ದಾಣದ ಹತ್ತಿರ ಬಳೆಗಾರ ನಂಜಯ್ಯ ಯಾರೋ ದಪ್ಪ ಕೈಯ ಹೆಂಗಸಿಗೆ ಬಳೆ ತೊಡಿಸುತ್ತಿದ್ದದ್ದು ಕಂಡಿತು. ಚಟ್ ಎಂದಿತು. ಚೂರು ಹಾರಿ ನೆಲಕ್ಕೆ ಬಿತ್ತು. ಬಿಸಿಲಿಗೆ ಆ ಚೂರು ಫಳ್ ಎಂದದ್ದೇ ತಡ, ಶಾಂತಮಲ್ಲಪ್ಪನ ತಲೆಯೂ ಫಳ್ ಎಂದಿತು.

"ನಂಜಯ್ಯ, ಒಡೆದ ಬಳೆಯೆಲ್ಲ ಏನ್ ಮಾಡ್ತೀಯ?"

"ಕೆರೆ ಏರಿ ಹಿಂದೆ ಸುರಿದು ಬತ್ತೀನಿ ಯಜಮಾನ್ರೇ."

"ನನಗೆ ಕೊಡು."

ನಂಜಯ್ಯ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಗಂಡ ಹೋದಾಗ ತಾನೇ ಹೆಂಗಸಿನ ಕೈಬಳೆ ಒಡೆಯುವುದು? ಅದಕ್ಕೇ ಮುತ್ತೈದೆಯರಿರುವ ಮನೆಯೊಳಕ್ಕೆ ಬಳೆಯ ಚೂರನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. "ತಕ್ಕೊಳ್ಳಿ. ಆದ್ರೆ ಎಂಗುಸ್ರ ಕಣ್ಣಿಗೆ ಬೀಳದಂಗೆ ಮಡಿಕ್ಕೊಳ್ಳಿ," ಎಂದು ಎಚ್ಚರಿಸಿದ.

ತನ್ನ ಹೆಂಡತಿ ಬೈದಾಳೆಂದು ಹೇಳುತ್ತಿದ್ದಾನೆ ಎಂದುಕೊಂಡ ಶಾಂತಮಲ್ಲಪ್ಪ. ಶುಭಾಶಯ ತಲುಪುವ ಮನೆಯಲ್ಲೂ ಹೆಂಗಸರಿರುತ್ತಾರೆ ಎಂಬುದು ಅವನ ಲೆಕ್ಕಕ್ಕೆ ಬರಲಿಲ್ಲ.

ಮಧ್ಯಾಹ್ನ ಲಾರಿಗಳಿಲ್ಲದ ಹೊತ್ತಿನಲ್ಲಿ, ಮಂಡಿಯ ಒಳಗೆ ಈರುಳ್ಳಿ ಮೂಟೆಗಳ ಮರೆಯಲ್ಲಿ, ತೀರಿಕೊಂಡ ತಾಯಿಯ ಅಡಿಕೆ ಕುಟ್ಟಾಣಿಯಲ್ಲಿ ಬಳೆ ಕುಟ್ಟುವ ಕೆಲಸ ಸಾಗಿತು. ಚಿತ್ರಕ್ಕೆ ವಿಷಯ ತಾನಾಗಿ ಹೊಳೆದಿತ್ತು: ಸಂಕ್ರಾಂತಿ ಸಂಜೆ ಕಿಚ್ಚು ಹಾಯುವ ಎತ್ತು. ಕೆಳಗೆ ಉರಿ, ಮೇಲೆ ಹಾರುವ ಎತ್ತು, ಪಕ್ಕದಲ್ಲಿ ಹಗ್ಗ ಹಿಡಿದ ಯಜಮಾನ. ಉರಿಗೆ ಕೆಂಪು ಬಳೆ ಇತ್ತು. ಎತ್ತಿಗೇ ಕಷ್ಟವಾಯಿತು. ನಂಜಯ್ಯನ ಬುಟ್ಟಿಯಲ್ಲಿ ಬಹುಪಾಲು ಕಡುಹಸಿರು; ಕುಟ್ಟಿ ಅಂಟಿನ ಮೇಲೆ ಉದುರಿಸಿದರೆ ಒಳ್ಳೇ ಮಸಿಯ ಬಣ್ಣ. ಅಂಟು ಹರಿದಷ್ಟು ದೂರ ಎತ್ತೂ ಹರಿದು ದಪ್ಪವಾಯಿತು.

ಊಟಕ್ಕೆ ಕರೆಯಲು ಬಂದ ಮಂಗಳಗೌರಿ ಬಗ್ಗಿ ನೋಡಿದಳು.

"ಅಪ್ಪಾಜಿ, ಎಮ್ಮೆ ಚೆನ್ನಾಗದೆ."

"ಎಮ್ಮೆ ಅಲ್ಲ ಕಣಮ್ಮಿ, ಎತ್ತು! ನಮ್ಮ ಬಸವ."

"ಬಸವ ಬೆಳ್ಳಗವ್ನಲ್ಲ?"

"ಕಿಚ್ಚು ಹಾಯ್ಸೋದು ಕತ್ತಲಾದ್ಮೇಕೆ. ಕತ್ತಲಲ್ಲಿ ನಿನಗೆ ಬೆಳ್ಳಗೆ ಕಾಣ್ತದಾ?"

"ಈ ಮೀಸೆಯೋನು ಯಾರು?"

"ನಾನೇ."

"ನಿಮಗೆಲ್ಲಿ ಮೀಸೆ ಅದೆ ಅಪ್ಪಾಜಿ? ತಲೆ ಮ್ಯಾಲೆ ಕಿರೀಟ ಬ್ಯಾರೆ."

"ಅದು ಪೇಟ! ಹಬ್ಬ ಅಂತ ಜರಿ ಪೇಟ ಸುತ್ತಿವ್ನಿ. ಹೋಗು, ಮುದ್ದೆ ಕಟ್ಟೋಗು."

ಚಿತ್ರದ ಮೇಲ್ಗಡೆ ಚಿನ್ನದ ಬಣ್ಣದ ಪುಡಿಯಲ್ಲಿ ದೊಡ್ಡದಾಗಿ 'ಸಂಕ್ರಾಂತಿ ಶುಭಾಶಯಗಳು' ಎಂದೂ, ಕೆಳಗಡೆ ಅದೇ ಚಿನ್ನದಲ್ಲಿ ತನ್ನ ಹೆಸರು, ಊರು ಎಲ್ಲವನ್ನೂ ಅಂಟಿಸಿದ. ಅಷ್ಟಕ್ಕೆ ಅಂಟು ಮುಗಿಯಿತು. ಉಳಿದ ಮಾತನ್ನು ನಡುವೆ ಮಸಿಯಲ್ಲಿ ಬರೆದ: 'ಹಬ್ಬ ಕಳೆದ ಮೇಲೆ ಬರುತ್ತೇವೆ. ಸಿದ್ಧವಾಗಿರಿ.' ಅಡಿಗೆಗೆ ಅನುಕೂಲವಾಗಲಿ ಎಂಬ ಸದುದ್ದೇಶದಿಂದ.

ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರು ಲಕೋಟೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು.

"ಒಳಗೇನ್ರಿ ಇದೆ?"

"ಶುಭಾಶಯ, ಸ್ವಾಮಿ."

"ಶುಭಾಶಯ ಗಲಗಲ ಅನ್ನೋದನ್ನ ನನ್ನ ಸರ್ವಿಸಿನಲ್ಲೇ ಕೇಳಿಲ್ಲವಲ್ರೀ." ಹೀಗೆಂದು ಅವರು ಸರ್ಕಾರದ ಮುದ್ರೆಯನ್ನು ಎತ್ತಿ, ಸರ್ಕಾರದ ಬಲವನ್ನೆಲ್ಲ ಹಾಕಿ, ಗುದ್ದಿದರು. ಒಳಗೆ ಚರಕ್ ಎಂದಿತು. ಗಾಜಿನ ತರಿಯ ಮೇಲೆ ಬಿದ್ದ ಮುದ್ರೆ ಜಾರಿ ಮಸಿಯಾಯಿತೇ ಹೊರತು ಊರಿನ ಹೆಸರು ಮೂಡಲಿಲ್ಲ. ಇನ್ನೊಮ್ಮೆ ಗುದ್ದಿದರು. ಸರ್ಕಾರದ ಕೆಲಸದಲ್ಲಿ ಅರೆಮನಸ್ಸು ಕೂಡದು.

ಹಬ್ಬ ಕಳೆಯಿತು. ಒಳ್ಳೆಯ ದಿನ ನೋಡಿ ಗಂಡ ಹೆಂಡಿರಿಬ್ಬರೂ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಎಳ್ಳುಬೆಲ್ಲ ಹಿಡಿದುಕೊಂಡು ಬಸ್ಸು ಹತ್ತಿ ತೆರಕಣಾಂಬಿಯಲ್ಲಿ ಇಳಿದರು. ಅಂಚೆ ಹಂಚುವ ರಂಗನಾಯಕ ಅಲ್ಲೇ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ. ಶಿವರುದ್ರಸ್ವಾಮಿಯ ಮನೆ ಯಾವುದೆಂದು ಶಾಂತಮಲ್ಲಪ್ಪ ಕೇಳಿದ್ದಕ್ಕೆ ಅವನು ಬಾಯಲ್ಲಿದ್ದುದನ್ನು ಉಗಿದು ಎದ್ದೇ ನಿಂತ.

"ಅವ್ರ ಮನೆಗಾ? ಈಗ ಓಗ್ಬೇಡಿ ಸ್ವಾಮಿ. ಆ ಮನೆಗೆ ಮಾಟ ಆಗದೆ."

"ಮಾಟವಾ!"

"ನನ್ನ ಕೈಯಾರೆ ಕೊಟ್ಟು ಬಂದೆ ಕಣ್ ಸ್ವಾಮಿ, ನನಗೇನ್ ಗೊತ್ತು? ಲಕೋಟೆ ಒಡೆದ್ರು. ಸುರ್ ಅಂತ ಬಳೆ ಚೂರು ಅಮ್ಮೋರ ಮಡ್ಲಿಗೆ ಸುರೀತು. ಒಳಗೆ ನೋಡಿದ್ರೆ ಯಮರಾಯ! ಕೋಣದ ಪಕ್ಕ ನಿಂತವ್ನೆ. ಕಿರೀಟ, ಮೀಸೆ, ಕೈಯಲ್ಲಿ ಪಾಶ. ಕೆಳಗೆ ನರಕದ ಉರಿ ಧಗಧಗ ಅಂತದೆ. ಎಸರಿಲ್ಲ, ಊರಿಲ್ಲ. 'ಹಬ್ಬ ಆದ್ಮೇಲೆ ಬತ್ತೀವಿ, ಸಿದ್ಧವಾಗಿರಿ' ಅಂತ ಬರೆದದೆ. ಆವತ್ತಿಂದ ಯಜಮಾನ್ರು ಮಲಗಿದ್ದ ಹಾಸಿಗೆ ಬುಟ್ಟು ಎದ್ದಿಲ್ಲ."

"ಥೂ, ಎಂಥಾ ಪಾಪಿ ಇರ್ಬೇಕು!" ಎಂದು ಶಾಂತಮಲ್ಲಪ್ಪ ನಿಜವಾಗಿಯೂ ಮರುಗಿದ. "ಅಂಥೋನ ಕೈ ಸೇದೋಗ."

"ಕೊಳ್ಳೇಗಾಲದೋರ ಕೈವಾಡ ಅಂತಾರೆ. ಎರಡೆರಡು ಕೆಲ್ಸ ಕಲ್ತೋನು ಸ್ವಾಮಿ ಅವ್ನು. ಬಳೇಲಿ ಮಾಟ, ಚಿತ್ರದಲ್ಲಿ ಮಾಟ."

ರಂಗನಾಯಕ ದಾರಿ ತೋರಿಸಿ ಹಿಂದಕ್ಕೆ ಸರಿದ. ಗಂಗಾಂಬಿಕೆ ನಾಲ್ಕು ಹೆಜ್ಜೆ ನಡೆದವಳು ನಿಂತಳು.

"ಏನಂದ್ರೆ. ನೀವು ಆ ಮಿನುಗೋ ಪುಡಿ ಎಲ್ಲಿಂದ ತಂದ್ರಿ?"

"ಅದು ಕೆಲಸಗಾರನ ಗುಟ್ಟು."

"ಗುಟ್ಟು ಆಮೇಲೆ. ಎಲ್ಲಿಂದ?"

"ನಂಜಯ್ಯನ ಬುಟ್ಟೀಲಿ ಒಂದಷ್ಟು..."

ಗಂಗಾಂಬಿಕೆ ಸೆರಗಿನಿಂದ ಹಣೆ ಒರೆಸಿಕೊಂಡಳು. "ನಡೀರಿ, ಬಂದ ಬಸ್ಸಿಗೇ ವಾಪಸ್ ಓಗನ."

"ಯಾಕೆ? ಅವ್ರಿಗೆ ಬಂದಿರೋದು ಕೋಣ. ನಾನು ಕಳ್ಸಿರೋದು ಎತ್ತು!"

ಅಷ್ಟರಲ್ಲಿ ಗುರುಮಲ್ಲಯ್ಯ ಮೈಯೆಲ್ಲ ರಾಗಿಹಿಟ್ಟು ಮಾಡಿಕೊಂಡು ಗಿರಣಿಯಿಂದ ಓಡಿಬಂದು, "ಬನ್ನಿ ಮಾವ, ಬನ್ನಿ ಅತ್ತೆ," ಎಂದು ಕೈಯಲ್ಲಿದ್ದ ಬುಟ್ಟಿ ತೆಗೆದುಕೊಂಡುಬಿಟ್ಟ. ಇನ್ನು ತಿರುಗುವ ಹಾಗಿರಲಿಲ್ಲ. "ಒಳಗೆ ಓದ್ಮೇಲೆ ಬಾಯಿ ಬುಡಬೇಡಿ," ಎಂದು ಗಂಗಾಂಬಿಕೆ ಗಂಡನ ಬೆನ್ನಿಗೆ ಹೇಳಿದಳು. "ಮಗಳ ಬಾಳು ಕಣ್ರೀ. ಒಂದು ಅಕ್ಷರ ಬುಡಬೇಡಿ."

ಶಿವರುದ್ರಸ್ವಾಮಿಯ ಮನೆಯ ತುಂಬ ಜನ. ಪಡಸಾಲೆಯ ಮಂಚದ ಮೇಲೆ, ಎರಡಾಳು ಗಾತ್ರದ ಮನುಷ್ಯ, ಗಂಟಲವರೆಗೆ ಕಂಬಳಿ ಹೊದ್ದು ಮಲಗಿದ್ದ. ತಲೆಯ ಹತ್ತಿರ ಹೆಂಡತಿ ಪುಟ್ಟಬಸಮ್ಮ ತನ್ನ ಕೈಬಳೆಗಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೇ ಕುಳಿತಿದ್ದಳು, ಎಲ್ಲಿ ತಾವಾಗಿ ಒಡೆದುಬಿಡುತ್ತವೋ ಎಂಬಂತೆ. ಬೀದಿಯ ಹೆಂಗಸರು ಗೋಡೆಯ ಉದ್ದಕ್ಕೂ ಸಾಲಾಗಿದ್ದರು.

"ಎಂಗಿದೀರಿ?" ಎಂದು ಶಾಂತಮಲ್ಲಪ್ಪ ಕೇಳಿದ.

"ಇವ್ನಿ," ಎಂದ ಶಿವರುದ್ರಸ್ವಾಮಿ ಕ್ಷೀಣವಾಗಿ. "ಹಬ್ಬ ಕಳೀತಲ್ಲ. ಯಾವಾಗ ಬತ್ತಾರೋ, ಕಾಯ್ತಾ ಇವ್ನಿ. ಹೊಟ್ಟೇಲಿ ಗುಡುಗುಡು ಅಂತದೆ. ಕೋಣದ ಗೊರಸಿನ ಸದ್ದು."

"ಆವತ್ತು ರಾತ್ರಿ ಇತ್ಕಿದ್ ಅವರೇಕಾಳು ಸಾರಲ್ಲಿ ಎಷ್ಟು ಮುದ್ದೆ ತಿಂದ್ರು ಅಂತ ಕೇಳಿ," ಎಂದ ಗುರುಮಲ್ಲಯ್ಯ ಮೆಲ್ಲಗೆ.

"ಸುಮ್ಕಿರ್ಲಾ! ಸಾಯೋನು ಉಂಡ ಮುದ್ದೆ ಲೆಕ್ಕ ಹಾಕ್ತೀಯ?"

ಪುಟ್ಟಬಸಮ್ಮ ಗಂಗಾಂಬಿಕೆಯ ಕೈ ಹಿಡಿದು ಗೊಳೋ ಎಂದಳು. "ಇಂಥಾ ಒತ್ನಲ್ಲಿ ವೀಳ್ಯ ಎಂಗವ್ವಾ ಇಡಿಯೋದು? ಸಂಬಂಧದ ಮಾತು ಎತ್ತಿದ್ಮೇಲೇ ಇದು ಬಂದದ್ದು. ನಿಮ್ಮ ಮಗಳ ಕಾಲ್ಗುಣ ಅಂತ ನಾನು ಅನ್ನಾಕಿಲ್ಲ. ಆದ್ರೆ ಬೀದಿ ಜನ ಅಂತಾರೆ."

ಗೋಡೆಯ ಉದ್ದಕ್ಕೂ ಇದ್ದ ಬೀದಿಯ ಜನ, ಅನ್ನುತ್ತೇವೆ ಎಂಬಂತೆ ತಲೆಯಾಡಿಸಿದರು. ಗಂಗಾಂಬಿಕೆಯ ಮುಖದಲ್ಲಿ ರಕ್ತ ಉಳಿಯಲಿಲ್ಲ. ಮಾತು ತಪ್ಪಿಸಬೇಕು ಎಂದು ಶಾಂತಮಲ್ಲಪ್ಪನಿಗೂ ತೋರಿತು. ಒಳ್ಳೆಯ ವಿಷಯವೊಂದನ್ನು ಎತ್ತಿದ.

"ಅದಿರ್ಲಿ ಬೀಗರೇ. ನಾವು ಕಳಿಸಿದ ಶುಭಾಶಯ ಬಂತಾ?"

ಗಂಗಾಂಬಿಕೆ ಕಣ್ಣು ಮುಚ್ಚಿಕೊಂಡಳು.

"ಯಾವ ಶುಭಾಶಯ?" ಎಂದ ಶಿವರುದ್ರಸ್ವಾಮಿ. "ನಮಗೆ ಬಂದಿರೋದು ಒಂದೇ. ಅಗೋ, ನೇತಾಕಿವ್ನಿ ನೋಡಿ."

ಹಿತ್ತಲ ಬಾಗಿಲ ಆಚೆ ನುಗ್ಗೆಮರದ ಕೊಂಬೆಯಲ್ಲಿ ಒಂದು ಕಾರ್ಡು ನೇತಾಡುತ್ತಿತ್ತು. ಸುತ್ತ ಬೇವಿನ ಸೊಪ್ಪು. ಮೇಲೊಂದು ಕೆಳಗೊಂದು ನಿಂಬೆಹಣ್ಣು. ಎಲ್ಲದರ ಮೇಲೆ ಅರಿಶಿನ ಕುಂಕುಮದ ನೀರು. ಬಿಸಿಲಿಗೆ ಕಪ್ಪು ಮೈ ಫಳಫಳ ಹೊಳೆಯುತ್ತಿತ್ತು. ಶಾಂತಮಲ್ಲಪ್ಪನ ಕಣ್ಣು ಅರಳಿತು, ಎದೆ ಉಬ್ಬಿತು.

"ಅಯ್ಯೋ ಅದೇ! ನೋಡೇ ಗಂಗಾ, ಪೂಜೆ ಮಾಡವ್ರೆ! ಅದು ನಾನೇ ಮಾಡಿದ್ದು ಬೀಗರೇ, ಸ್ವಂತ ಕೈಯಲ್ಲಿ!"

ಮನೆಯಲ್ಲಿ ಸೂಜಿ ಬಿದ್ದಿದ್ದರೂ ಎಲ್ಲರೂ ಹೌಹಾರುತ್ತಿದ್ದರು. ಮೊದಲು ಎದ್ದವನು ಶಿವರುದ್ರಸ್ವಾಮಿ. ಅಷ್ಟು ದಿನದಿಂದ ತಲೆ ಎತ್ತಲಾರದೆ ಮಲಗಿದ್ದವನು ಕಂಬಳಿಯನ್ನು ಒದ್ದು ಮಂಚದ ಮೇಲೆ ನೆಟ್ಟಗೆ ನಿಂತ. ತಲೆ ತೊಲೆಗೆ ತಾಗಿತು.

"ನೀನಾ! ಹೆಣ್ಣು ಕೊಡಾಕೆ ಇಷ್ಟ ಇಲ್ಲದಿದ್ರೆ ಬಾಯಲ್ಲಿ ಹೇಳ್ಬಾರ್ದಾ? ಯಮನ್ನೇ ಕಳಿಸ್ಬೇಕಾ?"

"ಯಮ ಅಲ್ಲ, ನಾನು!"

"ನೀನೇ ಯಮನಾ!"

"ಅದು ಪೇಟ ಬೀಗರೇ! ಜರಿ ಪೇಟ!"

"ಆ ಕೋಣ?"

"ಬಸವ!"

"ಪಾಶ?"

"ಮೂಗುದಾರದ ಹಗ್ಗ! ಕಿಚ್ಚು ಹಾಯಿಸ್ತಾ ಇವ್ನಿ! ಮ್ಯಾಲೆ ಚಿನ್ನದಲ್ಲಿ ಶುಭಾಶಯ ಅಂತ ಬರೆದಿತ್ತು, ಕೆಳಗೆ ನನ್ನ ಎಸರಿತ್ತು. ಎಲ್ಲ ಉದುರೋಗದೆ!"

"ಬಳೆ ಚೂರು?" ಎಂದು ಪುಟ್ಟಬಸಮ್ಮ ಕಿರುಚಿದಳು. "ಮುತ್ತೈದೆ ಮಡ್ಲಿಗೆ ಬಳೆ ಚೂರು ಸುರಿದ್ಯಲ್ಲಾ, ನಿಂಗೆ ನಾನೇನ್ ಮಾಡಿದ್ದೆ?"

ಮಿನುಗುತ್ತದೆ ಎಂದಷ್ಟೇ ಶಾಂತಮಲ್ಲಪ್ಪ ಹೇಳಬಹುದಿತ್ತು. ಹೇಳಲು ಬಾಯನ್ನೂ ತೆರೆದ. ಗಂಗಾಂಬಿಕೆ ಅಡ್ಡ ಬಂದು ಗಂಡನ ತೋಳು ಹಿಡಿದು ಪಡಸಾಲೆಯ ನಡುವಕ್ಕೆ ಎಳೆದು ತಂದು ನಿಲ್ಲಿಸಿದಳು, ಸಂತೆಯಲ್ಲಿ ಎತ್ತನ್ನು ನಿಲ್ಲಿಸಿದ ಹಾಗೆ.

"ಅಕ್ಕಾ, ಕೋಪ ಆಮೇಲೆ ಮಾಡ್ಕೊಳ್ಳಿ. ಮೊದ್ಲು ಇವ್ರನ್ನ ಒಂದ್ಸಲ ನೋಡಿ. ಆ ಬಳೆ ಕುಟ್ಟಿದ್ದು ಈ ಕೈ. ನನ್ನ ಅತ್ತೆಯೋರ ಕುಟ್ಟಾಣೀಲಿ ಕುಟ್ಟವ್ರೆ. ಬಳೆ ಚೂರು ಗಂಡನ್ನ ತಗೊಂಡೋಗದಾದ್ರೆ ಮೊದ್ಲು ಓಗ್ಬೇಕಾಗಿದ್ದು ನನ್ನ ಗಂಡ. ಓಗವ್ರಾ? ನೋಡಿ. ದಿನಾ ಎರಡು ಹೊತ್ತು ಮುದ್ದೆ ಇಳಿಸ್ಕೊಂಡು ಕಂಬ ನಿಂತಂಗೆ ನಿಂತವ್ರೆ. ಈಗ್ಲೂ ನಿಮ್ಮ ಅಡಿಗೆ ಮನೆ ಕಡೇನೇ ಮೂಗು ತಿರುಗದೆ."

ಎಲ್ಲರೂ ಶಾಂತಮಲ್ಲಪ್ಪನ ಮೂಗನ್ನು ನೋಡಿದರು. ಮಾತು ನಿಜವಾಗಿತ್ತು. ಒಳಗೆ ಯಾರೋ ಒಗ್ಗರಣೆ ಹಾಕಿದ್ದರು.

ಗೋಡೆಯ ಸಾಲಿನಲ್ಲಿ ಮೊದಲು ಯಾರು ನಕ್ಕರೋ ತಿಳಿಯದು. ಗುರುಮಲ್ಲಯ್ಯನಂತೂ ಮೈಯ ಹಿಟ್ಟು ಉದುರುವ ಹಾಗೆ ನಕ್ಕ. ಅವನೇ ಓಡಿಹೋಗಿ ಕಾರ್ಡನ್ನು ಮರದಿಂದ ಬಿಚ್ಚಿ ತಂದ. "ಅಪ್ಪಾಜಿ, ನೋಡಿ, ಕೊಂಬಿಗೆ ಹೂ ಕಟ್ಟದೆ. ಯಮನ ಕೋಣಕ್ಕೆ ಯಾರಪ್ಪಾ ಹೂ ಕಟ್ತಾರೆ?"

ಶಿವರುದ್ರಸ್ವಾಮಿ ಮಂಚದ ಮೇಲೆ ನಿಂತೇ ಕಾರ್ಡನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಹೂವಾ ಇದು? ನಾನು ಉರಿ ನಾಲಿಗೆ ಅನ್ಕೊಂಡಿದ್ದೆ," ಎಂದು ಮೆಲ್ಲಗೆ ಕೆಳಗಿಳಿದ. ಇಳಿದದ್ದು ಆದ ಮೇಲೆ ತಾನು ಕಾಯಿಲೆಯವನೆಂಬುದು ನೆನಪಾಯಿತು. ಮತ್ತೆ ಮಲಗಲು ಜನರ ಮುಂದೆ ನಾಚಿಕೆಯಾಯಿತು.

ಪುಟ್ಟಬಸಮ್ಮ ಮಾತ್ರ ಇನ್ನೂ ಬಳೆಯ ಮೇಲಿನ ಕೈ ತೆಗೆದಿರಲಿಲ್ಲ. "ಆದ್ರೂ ಮಡ್ಲಿಗೆ ಬಿದ್ದದ್ದು ಬಿತ್ತಲ್ಲವ್ವಾ," ಎಂದಳು.

"ಬಿತ್ತು ಅಕ್ಕಾ. ಇಲ್ಲ ಅನ್ನಾಕಿಲ್ಲ. ಅದಕ್ಕೆ ಬದ್ಲು ಕೈ ತುಂಬ ಹೊಸ ಬಳೆ ತೊ​ಡಿಸ್ತೀವಿ, ಹೆಣ್ಣಿನ ಕಡೆಯಿಂದ. ನಿಮಗೂ, ಇಲ್ಲಿ ಕುಂತಿರೋ ಅಷ್ಟೂ ಮುತ್ತೈದೇರಿಗೂ. ಆಮೇಲೆ ಯಾರ ಬಾಯಲ್ಲೂ ಕಾಲ್ಗುಣದ ಮಾತು ಬರಬಾರ್ದು."

ಗೋಡೆಯ ಸಾಲು ಆ ಗಳಿಗೆಯಲ್ಲೇ ಪಕ್ಷ ಬದಲಾಯಿಸಿತು. ಕೆಟ್ಟ ಕಾಲ್ಗುಣವೇ! ಯಾರು ಹೇಳಿದ್ದು? ಹುಡುಗಿ ಹೊಸಿಲು ತುಳಿಯುವ ಮೊದಲೇ ಬೀದಿಗೆಲ್ಲ ಬಳೆ!

ಹಬ್ಬದ ಮರುವಾರ ನಂಜಯ್ಯ ಯಾವಾಗಲೂ ತೆರಕಣಾಂಬಿಯ ಬೀದಿ ಸುತ್ತುವುದು ವಾಡಿಕೆ. ಕರೆಸಿದರು. ಬುಟ್ಟಿ ಇಳಿಸಿದವನು ಮೊದಲು ಶಾಂತಮಲ್ಲಪ್ಪನನ್ನು ನೋಡಿದ, ಆಮೇಲೆ ಕಾರ್ಡನ್ನು ನೋಡಿದ. "ಎಂಗುಸ್ರ ಕಣ್ಣಿಗೆ ಬೀಳದಂಗೆ ಮಡಿಕ್ಕೊಳ್ಳಿ ಅಂದಿದ್ನಲ್ಲ ಯಜಮಾನ್ರೇ!" ಎಂದು ನಿಟ್ಟುಸಿರುಬಿಟ್ಟು ಕೆಲಸಕ್ಕೆ ಕುಳಿತ. ಪುಟ್ಟಬಸಮ್ಮನ ಕೈಗೆ ಮೊಳಕೈವರೆಗೂ ಹಸಿರು ಬಳೆ ಏರಿದವು. ಅವಳು ಕೈ ಅಲುಗಿಸಿ ನೋಡಿ, ಗಂಡನನ್ನು ನೋಡಿ, ಗಂಡ ಅಡಿಗೆಮನೆಯ ಹೊಸಿಲ ಹತ್ತಿರ ಸುಳಿಯುತ್ತಿದ್ದದ್ದನ್ನು ನೋಡಿ, ವೀಳ್ಯದ ತಟ್ಟೆ ತರಿಸಿದಳು. ಅಲ್ಲಿಗೆ ಬೀಗರು ಬೀಗರಾದರು.

ಊಟವಾಯಿತು. ಸಾರು ಹಿತುಕಿದ ಅವರೇಕಾಳಿನದೇ. ಶಿವರುದ್ರಸ್ವಾಮಿ ಶಾಂತಮಲ್ಲಪ್ಪನ ಪಕ್ಕದಲ್ಲೇ ಕುಳಿತು ಸರಿಸಮಕ್ಕೆ ಉಂಡ. ಕೈ ತೊಳೆಯುವಾಗ ಕಿವಿಯ ಹತ್ತಿರ ಬಗ್ಗಿ ಹೇಳಿದ:

"ಬೀಗರೇ, ಚಿತ್ರ ಚೆನ್ನಾಗದೆ. ಆದ್ರೆ ಇನ್ನೊಂದ್ಸಲ ಬರೆದ್ರೆ ಎತ್ತು ಬೆಳ್ಳಗಿರ್ಲಿ."

"ಬೆಳ್ಳಗೆ ಎಂಗೆ ಬೀಗರೇ ಮಾಡೋದು?" ಎಂದ ಶಾಂತಮಲ್ಲಪ್ಪ. "ಬಿಳೀ ಬಳೆ ಯಾರು ತೊಡ್ತಾರೆ?"

ಸಂಜೆಯ ಬಸ್ಸಿನಲ್ಲಿ ಗಂಗಾಂಬಿಕೆ ಗಂಡನ ಪಕ್ಕದಲ್ಲೇ ಕುಳಿತಳು. ಬಸ್ಸು ಹಳ್ಳಕ್ಕೆ ಇಳಿದು ಎದ್ದಾಗ ಗಂಡನ ಮಡಿಲಿನಲ್ಲಿದ್ದ ಟವಲ್ಲಿನ ಗಂಟು ಗಲಗಲ ಎಂದಿತು. ಅಷ್ಟು ಹೆಂಗಸರ ಕೈಗೆ ಬಳೆ ಏರುವಾಗ ಎಷ್ಟೋ ಒಡೆದು ನೆಲಕ್ಕೆ ಬಿದ್ದಿದ್ದವು. ಪಡಸಾಲೆ ಗುಡಿಸುವ ಮೊದಲು ಅವು ಎಲ್ಲಿ ಹೋದವೆಂದು ಯಾರೂ ನೋಡಿರಲಿಲ್ಲ.

"ಏನದು?"

"ಏನಿಲ್ಲ."

ಮತ್ತೊಂದು ಹಳ್ಳ. ಏನಿಲ್ಲ ಎಂಬುದು ಮತ್ತೊಮ್ಮೆ ಗಲಗಲ ಎಂದಿತು.

"ಯುಗಾದಿ ಬತ್ತದಲ್ಲ," ಎಂದ ಶಾಂತಮಲ್ಲಪ್ಪ ಕಿಟಕಿಯ ಕಡೆ ತಿರುಗಿ. "ನೀಲಕಂಠಪ್ಪಂಗೆ ನಾವಿನ್ನೂ ಏನೂ ಕಳಿಸಿಲ್ಲ."

ಈಗ ಬೈಗಳು ಬೀಳುತ್ತವೆಂದು ಅವನು ಹೆಗಲು ಕುಗ್ಗಿಸಿ ಕುಳಿತ. ಗಂಗಾಂಬಿಕೆ ಗಂಟನ್ನು ನೋಡಿದಳು. ಈ ಎಲ್ಲ ಫಜೀತಿಗೂ ಮೂಲವಾದ ಗುಲಾಬಿ ಅವಳಿಗೆ ನೆನಪಾಗಿರಬೇಕು. ಗಂಟು ಬಿಚ್ಚಿಹೋಗದಂತೆ ಇನ್ನೊಂದು ಬಿಗಿ ಎಳೆದು ಕಟ್ಟಿ ತನ್ನ ಮಡಿಲಿಗೆ ಇಟ್ಟುಕೊಂಡಳು.

"ಅವ್ರಿಗಾದ್ರೆ," ಎಂದಳು, "ಕೋಣನ್ನೇ ಬರೀರಿ."